ಇ20 ಪೆಟ್ರೋಲ್ ಮತ್ತು ನಿಂತ ಎಂಜಿನ್: ಮದ್ದಿನ ಪಂಪಿನಿಂದ ಹೊಳೆಯ ದೋಣಿಯವರೆಗೆ



ಅಡಿಕೆಗೆ ಮೊದಲ ಮದ್ದು ಬಿಡುವ ದಿನ ಹೇಗಿರ್ತದೆ ಅಂತ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಎರಡು ದಿನ ಬಿಸಿಲು ಕಂಡಿತು ಅಂತ ಮದ್ದು ಬಿಡುವವರಿಗೆ ಫೋನ್ ಮಾಡಿದರೆ ಅವರು "ನಾಳೆ ಒಂದೇ ದಿನ ಪುರುಸೊತ್ತು" ಅಂತಾರೆ. ರಾತ್ರಿಯೇ ಮೈಲುತುತ್ತು ನೆನೆ ಹಾಕಿ, ಬೆಳಗ್ಗೆ ಸುಣ್ಣ ಕದಡಿ, ಬ್ಯಾರೆಲ್ ತುಂಬಿಸಿ ಆಗಿರುತ್ತದೆ. ಆಗ ಪಂಪು ಸ್ಟಾರ್ಟ್ ಆಗದಿದ್ದರೆ? ಬೋರ್ಡೋ ದ್ರಾವಣ ಅದೇ ದಿನ ಮುಗಿಯಬೇಕು, ನಾಳೆಗೆ ಇಡುವ ಹಾಗಿಲ್ಲ. ಸಂಬಳವೂ ಹೋಯಿತು, ಮದ್ದೂ ಹೋಯಿತು, ಬಿಸಿಲೂ ಹೋಯಿತು. ಮತ್ತೆ ಮಳೆ ಹಿಡಿದು ವಾರಗಟ್ಟಲೆ ಬಿಡದಿದ್ದರೆ ಕೊಳೆರೋಗ ಯಾರ ಅಪ್ಪಣೆಗೂ ಕಾಯುವುದಿಲ್ಲ.

ಈಚೆಗೆ ಈ "ಸ್ಟಾರ್ಟ್ ಆಗ್ತಿಲ್ಲ" ಎಂಬ ದೂರು ನಮ್ಮ ಕಡೆ ಜಾಸ್ತಿ ಕೇಳುತ್ತಿದ್ದೇನೆ. ಮೂಡುಬಿದಿರೆಯಲ್ಲಿ ಸಣ್ಣ ಎಂಜಿನ್ ರಿಪೇರಿ ಮಾಡುವ ಒಬ್ಬರ ಹತ್ತಿರ ಕೂತು ಕೇಳಿದೆ. ಅವರು ಬಿಚ್ಚಿಟ್ಟ ಒಂದು ಕಾರ್ಬುರೇಟರನ್ನು ನನ್ನ ಕೈಗೆ ಕೊಟ್ಟರು. ಒಳಗೆ ಸುಣ್ಣದ ಹಾಗೆ ಬಿಳಿ ಪುಡಿ. "ಇದು ಓಡಿ ಹಾಳಾದದ್ದಲ್ಲ ಅಣ್ಣಾ, ನಿಂತು ಹಾಳಾದದ್ದು" ಅಂದರು. ಇವತ್ತಿನ ಲೇಖನದ ತಿರುಳು ಹೆಚ್ಚುಕಡಿಮೆ ಆ ಒಂದು ಮಾತೇ.

ಬಂಕಿನಲ್ಲಿ ಸಿಗುವುದು ಏನು?

ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಹೊಸತಲ್ಲ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರಿಂದ ಶುರುವಾಯಿತು. 2022ರ ಮಧ್ಯಕ್ಕೆ ದೇಶದ ಸರಾಸರಿ ಶೇ. 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇ20 ಬಿಡುಗಡೆ ಮಾಡಿದರು. 2030ಕ್ಕೆ ಅಂತ ಇಟ್ಟಿದ್ದ ಗುರಿಯನ್ನು ಮುಂದಕ್ಕೆ ತಂದು, 2025ರಲ್ಲೇ ಶೇ. 20 ಮುಟ್ಟಿಸಿದರು. ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗುವ ಹಾಗೆ ಮಾಡಿ ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಹಾಗಾಗಿ ನಮ್ಮೂರಿನ ಬಂಕಿನಲ್ಲಿ "ಎಥನಾಲ್ ಇಲ್ಲದ್ದು ಕೊಡಿ" ಅಂತ ಕೇಳಿ ಪ್ರಯೋಜನ ಇಲ್ಲ. ಪ್ರೀಮಿಯಂ ಎಂದು ಹೆಚ್ಚು ದುಡ್ಡು ಕೊಟ್ಟು ಹಾಕಿಸುವ 95 ಆಕ್ಟೇನ್ ಪೆಟ್ರೋಲಿನಲ್ಲೂ ಎಥನಾಲ್ ಇರುತ್ತದೆ. 100 ಆಕ್ಟೇನಿನ ಕೆಲವು ಪೆಟ್ರೋಲುಗಳಲ್ಲಿ ಇರುವುದಿಲ್ಲ ನಿಜ, ಆದರೆ ಅದು ದೊಡ್ಡ ನಗರಗಳ ಕೆಲವೇ ಬಂಕುಗಳ ಮಾತು, ದರವೂ ಹುಲ್ಲಿನ ಮೆಷಿನಿಗೆ ಹಾಕುವ ದರವಲ್ಲ.

ಎಥನಾಲನ್ನು ಬಯ್ಯಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಆ ಎಥನಾಲ್ ಬರುವುದು ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನಿಂದ, ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದಿಂದ. 2025ರ ನವೆಂಬರಿನಲ್ಲಿ ಮೆಕ್ಕೆಜೋಳದ ಬೆಲೆ ಬೆಂಬಲ ಬೆಲೆಯಾದ ಕ್ವಿಂಟಲಿಗೆ 2,400 ರೂಪಾಯಿಗಿಂತ ಎಷ್ಟೋ ಕೆಳಗೆ ಬಿದ್ದಾಗ ಅಲ್ಲಿನ ರೈತರು ಬೀದಿಗೆ ಬಂದದ್ದು, ಎಥನಾಲ್ ಕಾರ್ಖಾನೆಗಳು ಇನ್ನೂ ಹೆಚ್ಚು ಕೊಳ್ಳಲಿ ಎಂಬ ಒತ್ತಾಯ ಎದ್ದದ್ದು ನೆನಪಿರಬಹುದು. ಅವರಿಗೆ ಅದು ಮಾರುಕಟ್ಟೆ. ನಮ್ಮ ಕರಾವಳಿಯಲ್ಲಿ ಕಬ್ಬು ಅಂತ ಇದ್ದದ್ದು ಬ್ರಹ್ಮಾವರದ ಸಕ್ಕರೆ ಕಾರ್ಖಾನೆಯ ಕಾಲದಲ್ಲಿ, ಅದು ಬಾಗಿಲು ಹಾಕಿ ಎಷ್ಟೋ ವರ್ಷ ಆಯಿತು. ಹಾಗಾಗಿ ಎಥನಾಲಿನ ಲಾಭ ನಮಗೆ ನೇರವಾಗಿ ಇಲ್ಲ, ಅದನ್ನು ಸುಡುವವರು ಮಾತ್ರ ನಾವು.

ನನ್ನ ತಕರಾರು ಬೇರೆ. ಈ ನೀತಿಯ ಚರ್ಚೆಯೆಲ್ಲ ಕಾರು ಬೈಕಿನ ಸುತ್ತ ಆಯಿತು. ಮೈಲೇಜ್ ಎಷ್ಟು ಇಳಿಯುತ್ತದೆ, ವಾರಂಟಿ ಏನಾಗುತ್ತದೆ, ಯಾವ ವರ್ಷದ ಗಾಡಿಗೆ ಆಗುತ್ತದೆ, ಇದೇ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ವಾರದಲ್ಲಿ ಖಾಲಿ ಆಗುತ್ತದೆ. ವರ್ಷಕ್ಕೆ ಹತ್ತು ದಿನ ಓಡಿ ಉಳಿದ ದಿನ ಕೊಟ್ಟಿಗೆಯ ಮೂಲೆಯಲ್ಲಿ ಇರುವ ಎಂಜಿನಿನ ಬಗ್ಗೆ ಮಾತಾಡಿದವರು ಬಹಳ ಕಡಿಮೆ.

ನಿಂತಾಗ ಒಳಗೆ ಏನಾಗುತ್ತದೆ

ಮೊದಲು ಶಕ್ತಿಯ ಲೆಕ್ಕ ಮುಗಿಸುವ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಐದನೇ ಒಂದು ಪಾಲು ಬೆರೆಸಿದರೆ ಒಟ್ಟು ಶೇ. 6ರಿಂದ 7 ಕಡಿಮೆ ಆಯಿತು. ನಮ್ಮ ಬಂಟ್ವಾಳ ತಾಲೂಕು ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಅಡಿಕೆ ಮರ ಏರುವ ಯಂತ್ರದ ವಿಡಿಯೋ 2019ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಅದರಲ್ಲಿ ಲೀಟರಿಗೆ ಸುಮಾರು 80 ಮರ ಏರಬಹುದು ಎಂದು ಆಗ ಹೇಳಿದ್ದರು. ಇ20ರಲ್ಲಿ ನಾಲ್ಕೈದು ಮರ ಕಡಿಮೆ ಆದೀತು. ಅಷ್ಟಕ್ಕೆ ಯಾರೂ ತೋಟ ಮಾರುವುದಿಲ್ಲ.

ನಿಜವಾದ ಬಂಗ ನೀರಿನದ್ದು. ಪೆಟ್ರೋಲಿಗೆ ನೀರು ಸೇರುವುದಿಲ್ಲ, ಎಥನಾಲಿಗೆ ಸೇರುತ್ತದೆ. ಮಿಶ್ರಣ ಸ್ವಲ್ಪ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶೇ. 10ರ ಪೆಟ್ರೋಲಾದರೆ ಲೀಟರಿಗೆ ಅಂದಾಜು 5 ಮಿಲಿ, ಅಂದರೆ ಒಂದು ಟೀ ಚಮಚದಷ್ಟು. ಇ20 ಅದಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆ ಮಿತಿ ದಾಟಿತು ಅಂದರೆ ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನಲ್ಲಿ ಎರಡು ಪದರ. ಮೇಲೆ ಪೆಟ್ರೋಲ್, ಕೆಳಗೆ ಎಥನಾಲ್ ಮತ್ತು ನೀರು. ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಇರುವುದು ಎಲ್ಲಿ? ತಳದಲ್ಲಿ.

ಗಾಳಿಯ ಪಸೆಯಿಂದಲೇ ಇಷ್ಟು ನೀರು ಬರಲು ಬಹಳ ಸಮಯ ಬೇಕು. ಆದರೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಕ್ಯಾನಿನ ಮುಚ್ಚಳ ಸಡಿಲ, ಮಾಡಿನ ಹಂಚಿನಿಂದ ತಟತಟ ಹನಿ, ತೋಟದಲ್ಲಿ ಮಳೆಗೆ ನಿಂತೇ ಟ್ಯಾಂಕ್ ತುಂಬಿಸುವುದು. ಒಂದೆರಡು ಚಮಚ ನೀರು ಯಾವ ದಾರಿಯಲ್ಲಾದರೂ ಬರುತ್ತದೆ.

ಎರಡು ಸ್ಟ್ರೋಕಿನ ಎಂಜಿನಿಗೆ ಇದರಿಂದ ಇನ್ನೊಂದು ಅಪಾಯ. ನೀವು ಬೆರೆಸಿದ ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಕೆಳಗಿನ ಪದರಕ್ಕೆ ಬರುವುದಿಲ್ಲ. ಎಂಜಿನ್ ಹೇಗೋ ಸ್ಟಾರ್ಟ್ ಆದರೂ ಒಳಗೆ ಹೋಗುವುದು ಎಣ್ಣೆ ಇಲ್ಲದ ದ್ರವ. ಪಿಸ್ಟನ್ ಹಿಡಿದುಕೊಂಡರೆ ರಿಪೇರಿ ಖರ್ಚು ಕೇಳಬೇಡಿ.

ಇದರ ಜೊತೆಗೆ, ಹಳೆಯ ರಬ್ಬರ್ ಪೈಪು, ಪ್ರೈಮರ್ ಬಲ್ಬು, ಕಾರ್ಬುರೇಟರಿನ ಡಯಾಫ್ರಂ ಎಥನಾಲಿಗೆ ಉಬ್ಬುತ್ತವೆ, ಆಮೇಲೆ ಗಟ್ಟಿಯಾಗಿ ಒಡೆಯುತ್ತವೆ. ಅಲ್ಯೂಮಿನಿಯಂ ಭಾಗಕ್ಕೆ ಕಿಲುಬು ಹಿಡಿಯುತ್ತದೆ, ಮೆಕ್ಯಾನಿಕ್ ತೋರಿಸಿದ ಬಿಳಿ ಪುಡಿ ಅದೇ.

ದೋಣಿಯವರು ನಮಗಿಂತ ಮೊದಲೇ ಅನುಭವಿಸಿದ್ದಾರೆ

ಈ ಜಗಳ ಅಮೆರಿಕದಲ್ಲಿ ಹಳೆಯದು. ಅಲ್ಲಿ ಜನ ರಜೆಯಲ್ಲಿ ಕೆರೆಗೆ, ಸಮುದ್ರಕ್ಕೆ ಮೋಜಿಗಾಗಿ ಸ್ವಂತ ದೋಣಿ ಒಯ್ಯುತ್ತಾರೆ. ಆ ದೋಣಿಯೂ ನಮ್ಮ ಮದ್ದಿನ ಪಂಪಿನ ಹಾಗೆಯೇ, ಓಡುವ ದಿನ ಕಡಿಮೆ, ನಿಲ್ಲುವ ತಿಂಗಳು ಹೆಚ್ಚು, ಸುತ್ತ ಪೂರಾ ನೀರು. ಶೇ. 10 ಎಥನಾಲ್ ಬಂದಾಗ ಹಳೆಯ ದೋಣಿಗಳ ಫೈಬರ್ ಗ್ಲಾಸ್ ಟ್ಯಾಂಕಿನ ರಾಳವೇ ಕರಗಿ ಎಂಜಿನಿಗೆ ಹೋಯಿತು. ಆಮೇಲೆ ಅಲ್ಲಿನ ಸರಕಾರ ಶೇ. 15ಕ್ಕೆ ಅನುಮತಿ ಕೊಟ್ಟಿತು, ಆದರೆ 2001ರ ನಂತರದ ಕಾರುಗಳಿಗೆ ಮಾತ್ರ. ದೋಣಿ, ಬೈಕು, ಹುಲ್ಲು ಕತ್ತರಿಸುವ ಯಂತ್ರ ಮುಂತಾದ ಸಣ್ಣ ಎಂಜಿನಿಗೆ ಅದನ್ನು ಹಾಕಬಾರದು ಎಂದು ಕಾನೂನಿದೆ, ಬಂಕಿನ ಪಂಪಿನ ಮೇಲೆಯೇ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ. ಎಥನಾಲ್ ಇಲ್ಲದ ಪೆಟ್ರೋಲೂ ಬಹಳ ಕಡೆ ಮಾರುತ್ತಾರೆ. ಅಲ್ಲಿ 15 ಬೇಡ ಅಂದದ್ದನ್ನು ನಾವು ಇಲ್ಲಿ 20 ಹಾಕಿ ಓಡಿಸುತ್ತಿದ್ದೇವೆ, ಒಂದು ಚೀಟಿಯೂ ಇಲ್ಲದೆ.

ಬ್ರೆಜಿಲ್ 2025ರ ಆಗಸ್ಟಿನಿಂದ ಶೇ. 30 ಬೆರೆಸುತ್ತಿದೆ, ಅಲ್ಲಿ ಓಡುವುದಿಲ್ಲವೇ ಎಂದು ಕೇಳಬಹುದು. ಓಡುತ್ತದೆ. ದಶಕಗಳಿಂದ ಅಲ್ಲಿ ಎಂಜಿನ್ ಮಾಡುವವರು ಅದಕ್ಕೆ ತಕ್ಕ ರಬ್ಬರು, ಜೆಟ್ಟು ಹಾಕಿಯೇ ಮಾರುತ್ತಾರೆ. ಅಂದರೆ ಪ್ರಶ್ನೆ ಇರುವುದು ನಿಮ್ಮ ಕೊಟ್ಟಿಗೆಯಲ್ಲಿರುವ ಎಂಜಿನ್ ಯಾವ ಪೆಟ್ರೋಲಿಗೆ ಮಾಡಿದ್ದು ಎಂಬುದರಲ್ಲಿ.

ನಮ್ಮಲ್ಲಿ ಮೋಜಿನ ದೋಣಿ ಅಂದರೆ ಪಿಲಿಕುಳದ ಪೆಡಲ್ ದೋಣಿ, ಅದಕ್ಕೆ ಕಾಲಿನ ಬಲ ಸಾಕು. ಆದರೆ ನೇತ್ರಾವತಿ, ಫಲ್ಗುಣಿ ಬದಿಯ ತೋಟದವರಲ್ಲಿ ಹೋಂಸ್ಟೇ ಯೋಚನೆ ಇರುವ ಯುವಕರು ಸಣ್ಣ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನಿನ ದರ ವಿಚಾರಿಸುವುದನ್ನು ಕೇಳಿದ್ದೇನೆ. ಅವರಿಗೆ ಒಂದು ಮಾತು: ದೋಣಿಯೊಳಗೇ ಕಟ್ಟಿದ ಫೈಬರ್ ಟ್ಯಾಂಕ್ ಬೇಡ, ಎತ್ತಿ ಒಯ್ಯುವ ಪ್ಲಾಸ್ಟಿಕ್ ಇಂಧನ ಟ್ಯಾಂಕ್ ತೆಗೊಳ್ಳಿ. ಟ್ಯಾಂಕಿಗೂ ಎಂಜಿನಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ದೋಣಿ ಕಟ್ಟಿದ ಮೇಲೆ ಟ್ಯಾಂಕಿನ ಗಾಳಿಯ ತಿರುಪು ಮುಚ್ಚಿ, ಪೈಪು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇದನ್ನು ಎಂಜಿನಿನ ಕಾಲು ನೀರಿನಲ್ಲಿ ಇರುವಾಗಲೇ ಮಾಡಿ, ಒಣಗಿದಲ್ಲಿ ಓಡಿಸಿದರೆ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಸುಟ್ಟು ಹೋಗುತ್ತದೆ.

ಮೋಜಿನ ಮಾತು ಬಿಡಿ. 2019ರ ಆಗಸ್ಟಿನಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದಾಗ ಮನೆಗಳಿಂದ ಜನರನ್ನು ತಂದದ್ದು ದೋಣಿಯಲ್ಲಿ. ನೆರೆ ದೋಣಿಗಿಂತ ಹೆಚ್ಚು ನಿಲ್ಲುವ ಎಂಜಿನ್ ಇನ್ನೊಂದಿಲ್ಲ, ಮತ್ತು ಅದು ಓಡಬೇಕಾದ ದಿನ ಮೆಕ್ಯಾನಿಕ್ ಹತ್ತಿರ ಹೋಗಲು ರಸ್ತೆಯೇ ಇರುವುದಿಲ್ಲ. ಹೊಳೆ ಬದಿಯ ಪಂಚಾಯತಿನಲ್ಲಿ ನೀವು ಸದಸ್ಯರಾಗಿದ್ದರೆ, ಯುವಕ ಮಂಡಲದಲ್ಲಿ ಇದ್ದರೆ, ಮೇ ತಿಂಗಳ ಸಭೆಯಲ್ಲಿ ಕೇಳಿ: ನಮ್ಮ ಕಡೆಗೆ ಬರುವ ದೋಣಿಯ ಎಂಜಿನ್ ಕಡೇ ಸಲ ಸ್ಟಾರ್ಟ್ ಮಾಡಿದ್ದು ಯಾವಾಗ, ಅದರ ಟ್ಯಾಂಕಿನ ಪೆಟ್ರೋಲ್ ಯಾವ ತಿಂಗಳಿನದ್ದು?

ತೋಟದಲ್ಲಿ ಮಾಡಬೇಕಾದ್ದು

ಮೊದಲು ಮೆಷಿನಿನ ಪುಸ್ತಕ ಹುಡುಕಿ. ಸಿಗದಿದ್ದರೆ ಮಾಡೆಲ್ ನಂಬರಿನ ಫೋಟೊ ತೆಗೆದು ಮೊಬೈಲಿನಲ್ಲಿ ಕೈಪಿಡಿ ಡೌನ್‌ಲೋಡ್ ಮಾಡಿ. ಇ10 ಅಥವಾ ಇ20 ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹಳೆಯ ಹೆಚ್ಚಿನ ಸಣ್ಣ ಎಂಜಿನುಗಳ ಮಿತಿ ಶೇ. 10. ಹೊಸ ಮೆಷಿನ್ ಸಬ್ಸಿಡಿಯಲ್ಲಿ ತೆಗೆಯುವವರು ಇ20ಕ್ಕೆ ಆಗುತ್ತದೆಯೇ ಎಂದು ಅಂಗಡಿಯಲ್ಲಿ ಬಾಯಿಮಾತಿಗೆ ಬಿಡದೆ ಪುಸ್ತಕದಲ್ಲೇ ತೋರಿಸಲು ಹೇಳಿ.

ಪೆಟ್ರೋಲ್ ಒಂದೆರಡು ಲೀಟರ್ ಮಾತ್ರ, ಆ ವಾರದ ಕೆಲಸಕ್ಕೆ ಬೇಕಾದಷ್ಟೇ ತನ್ನಿ. ಮಳೆಗಾಲಕ್ಕೆಂದು ಹತ್ತು ಲೀಟರ್ ತಂದಿಡುವ ಹಳೇ ಅಭ್ಯಾಸ ಬಿಡಬೇಕು. ಇಂಧನದ ಕ್ಯಾನಿನ ಮೇಲೆ ತಾರೀಕು ಬರೆಯಿರಿ. ಒಂದು ತಿಂಗಳು ದಾಟಿದ್ದು, ಆಯಿಲ್ ಬೆರೆಸದೇ ಇದ್ದದ್ದು, ಪದರ ಒಡೆಯದ್ದು ಇದ್ದರೆ ಬೈಕಿನ ತುಂಬಿದ ಟ್ಯಾಂಕಿಗೆ ಸ್ವಲ್ಪ ಸ್ವಲ್ಪ ಸೇರಿಸಿ ಮುಗಿಸಿ. ಅನುಮಾನ ಇದ್ದರೆ ಕ್ಯಾನಿನ ತಳದ್ದನ್ನು ಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಬಿಡಿ. ಗೆರೆ ಕಂಡರೆ ಅದು ಮುಗಿಯಿತು. ಅಲ್ಲಾಡಿಸಿ ಬಳಸುವುದು ಬೇಡ, ತೋಡಿಗೆ ಚೆಲ್ಲುವುದೂ ಬೇಡ. ಸ್ಟೆಬಿಲೈಸರ್ ಅಂತ ಆನ್‌ಲೈನಿನಲ್ಲಿ ಸಿಗುವ ದ್ರವ ಒಳ್ಳೆಯ ಪೆಟ್ರೋಲ್ ಹಳಸುವುದನ್ನು ನಿಧಾನ ಮಾಡೀತು, ಒಡೆದ ಪದರವನ್ನು ಮತ್ತೆ ಕೂಡಿಸುವುದಿಲ್ಲ.

ಯೂಟ್ಯೂಬಿನಲ್ಲಿ ಪೆಟ್ರೋಲಿಗೆ ನೀರು ಹಾಕಿ ಕದಡಿ ಎಥನಾಲ್ ತೆಗೆಯುವ ವಿಡಿಯೋ ನೋಡಿರುತ್ತೀರಿ. ಎಥನಾಲ್ ಇದೆಯೇ ಎಂದು ನೋಡಲು ಅದು ಸರಿ: 90 ಮಿಲಿ ಪೆಟ್ರೋಲಿಗೆ 10 ಮಿಲಿ ನೀರು ಹಾಕಿದರೆ ಕೆಳಗಿನ ಪದರ 27, 28 ಮಿಲಿಗೆ ಏರುತ್ತದೆ. ಹಾಗೆ ತೊಳೆದ ಪೆಟ್ರೋಲನ್ನು ಎಂಜಿನಿಗೆ ಹಾಕಬೇಡಿ ಮಾರಾಯ್ರೇ. ಎಥನಾಲ್ ಹೋದ ಮೇಲೆ ಆಕ್ಟೇನ್ ಇಳಿಯುತ್ತದೆ, ನೀರಿನ ಅಂಶ ಉಳಿಯುತ್ತದೆ.

ಮೆಷಿನ್ ಕಿರುಚಿದ ಹಾಗೆ ಓಡುತ್ತಾ ಬೇಗ ಬಿಸಿ ಆಗುತ್ತಿದ್ದರೆ ಇಂಧನ ಸಾಲುತ್ತಿಲ್ಲ ಎಂದರ್ಥ, ಇ20ರಲ್ಲಿ ಇದು ಸಾಮಾನ್ಯ. ಆ ಶಬ್ದದ ವಿಡಿಯೋ ಮಾಡಿ ಮೆಕ್ಯಾನಿಕ್‌ಗೆ ವಾಟ್ಸಾಪ್ ಮಾಡಿ, ಕಾರ್ಬುರೇಟರ್ ಹೊಂದಿಸಿ ಕೊಡುತ್ತಾರೆ. ತಂಪಾಗಲಿ ಅಂತ ಟೂಟಿ ಆಯಿಲ್ ಜಾಸ್ತಿ ಹಾಕಿದರೆ ಪೆಟ್ರೋಲಿನ ಪಾಲು ಇನ್ನೂ ಕಡಿಮೆಯಾಗಿ ಉಲ್ಟಾ ಆಗುತ್ತದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ, ಪುಸ್ತಕದಲ್ಲಿ ಇದ್ದಷ್ಟೇ.

ಎಲ್ಲಕ್ಕಿಂತ ಮುಖ್ಯ, ಮೊದಲ ಮದ್ದಿಗೂ ಎರಡನೇ ಮದ್ದಿಗೂ ನಡುವಿನ 40, 45 ದಿನ. ಜಡಿಮಳೆಯ ದಿನಗಳು ಅವು, ಪಂಪು ಹಾಳಾಗುವುದು ಆಗಲೇ. ಮೊದಲ ಮದ್ದು ಮುಗಿದ ಸಂಜೆ, ಕೈಕಾಲು ತೊಳೆಯುವ ಮೊದಲು, ಹತ್ತು ನಿಮಿಷ ಕೊಡಿ. ಎರಡು ಸ್ಟ್ರೋಕಿನ ಮೆಷಿನ್ ಆದರೆ ಟ್ಯಾಂಕ್ ಬರಿದು ಮಾಡಿ, ಪ್ರೈಮರ್ ಬಲ್ಬು ಒತ್ತಿ ಒತ್ತಿ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನೇ ನಿಲ್ಲಲು ಬಿಡಿ. ನಾಲ್ಕು ಸ್ಟ್ರೋಕಿನ ಎಚ್‌ಟಿಪಿ ಪಂಪಾದರೆ ಪೆಟ್ರೋಲ್ ಕಾಕ್ ಮುಚ್ಚಿ ನಿಲ್ಲುವವರೆಗೆ ಓಡಿಸಿ, ಎಂಜಿನ್ ತಣಿದ ಮೇಲೆ ಕಾರ್ಬುರೇಟರಿನ ತಳದ ತಿರುಪು ಸಡಿಲಿಸಿ ಉಳಿದದ್ದನ್ನು ಇಳಿಸಿ. ಟ್ಯಾಂಕನ್ನೂ ಬರಿದು ಮಾಡಿ. ಎರಡನೇ ಮದ್ದಿಗೆ ಜನ ಹೇಳುವ ಎರಡು ದಿನ ಮೊದಲು ಹೊಸ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸಿ ನೋಡಿ. ಅವತ್ತೇ ಪೈಪು, ಬಲ್ಬು ಕೈಯಲ್ಲಿ ಮಡಚಿ ಬಿರುಕು ಇದೆಯಾ ನೋಡಿ, ಇದ್ದರೆ ಮೂಡುಬಿದಿರೆಗೋ ಬಿ.ಸಿ.ರೋಡಿಗೋ ಹೋಗಿ ಬರಲು ಇನ್ನೂ ಒಂದು ದಿನ ಕೈಯಲ್ಲಿ ಇರುತ್ತದೆ.