ಮಳೆ ಅಳಿಸಲಾರದ ಹೆಜ್ಜೆ ಗುರುತು

ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಮನೆಗೆ ರಾತ್ರಿ ಕಳ್ಳರು ನುಗ್ಗಿದರು ಎಂದುಕೊಳ್ಳೋಣ. ಬೆಳಗ್ಗೆ ನೋಡಿದರೆ ಹಿತ್ತಲಿನ ಎರೆಮಣ್ಣಿನಲ್ಲಿ ಬೂಟಿನ ಗುರುತೊಂದು ಚೆನ್ನಾಗಿ ಮೂಡಿದೆ. ಹಿಮ್ಮಡಿಯ ಒಂದು ಮೂಲೆ ಸವೆದಿರುವುದೂ ಕಾಣುತ್ತದೆ. ಆದರೆ ಆಕಾಶದಲ್ಲಿ ಮೋಡ ಕವಿದಿದೆ. ಜೋರು ಮಳೆ ಬಂದರೆ ಗುರುತು ಅಳಿಸಿಹೋಗುತ್ತದೆ. ಈಗ ಏನು ಮಾಡಬೇಕು?

ಫೋಟೊ ತೆಗೆದರಾಯಿತು ಎನ್ನುತ್ತೀರಿ, ಅಲ್ಲವೇ? ತೆಗೆಯುತ್ತಾರೆ. ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಇಡುತ್ತಾರೆ. ಆದರೆ ಫೋಟೊದಲ್ಲಿ ಉದ್ದ, ಅಗಲಗಳನ್ನು ಅಳೆಯಬಹುದೇ ಹೊರತು ಆಳವನ್ನು ಅಳೆಯಲಾಗದು. ಅದಕ್ಕಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಂಥ ಪುಡಿಯನ್ನು ನೀರಿನಲ್ಲಿ ಕಲಸಿ ಗುರುತಿನೊಳಗೆ ಸುರಿದು, ಗಟ್ಟಿಯಾದ ಮೇಲೆ ಅಚ್ಚನ್ನು ಎತ್ತುವ ಪದ್ಧತಿ ಬಹಳ ಕಾಲದಿಂದ ಇದೆ. ಒಳ್ಳೆಯ ಪದ್ಧತಿಯೇ. ಆದರೆ ಅಚ್ಚು ಎತ್ತುವಾಗ ಮೂಲ ಗುರುತು ಕೆಟ್ಟುಹೋಗುತ್ತದೆ. ಅಚ್ಚು ಸರಿಯಾಗಿ ಬರದಿದ್ದರೆ ಎರಡನೆಯ ಅವಕಾಶವಿಲ್ಲ.

ಗುರುತನ್ನು ಮುಟ್ಟದೆಯೇ ಅದರ ಆಳವನ್ನೂ ಅಳೆಯುವ ಉಪಕರಣವೇ ಮೂರು ಆಯಾಮದ ಸ್ಕ್ಯಾನರ್. ಅದು ಹೇಗೆ ಕೆಲಸ ಮಾಡುತ್ತದೆ? ನೀವೇ ಮಾಡಿ ನೋಡಬಹುದು.

ಕತ್ತಲೆ ಕೋಣೆಯಲ್ಲಿ ನೆಲದ ಮೇಲೆ ಬಿಳಿ ಹಾಳೆ ಹಾಸಿ. ದಪ್ಪ ಹಲ್ಲಿನ ಬಾಚಣಿಗೆಯನ್ನು ಹಾಳೆಯ ಅಂಚಿನಲ್ಲಿ ನೆಟ್ಟಗೆ ಹಿಡಿಯಿರಿ. ಹಲ್ಲುಗಳು ನೆಲಕ್ಕೆ ಸಮಾನಾಂತರವಾಗಿ ಅಡ್ಡಡ್ಡ ಇರಲಿ. ಅದರ ಹಿಂದೆ, ಸ್ವಲ್ಪ ಮೇಲಿನಿಂದ ಓರೆಯಾಗಿ ಟಾರ್ಚ್ ಬಿಡಿ. ಹಾಳೆಯ ಮೇಲೆ ನೆರಳಿನ ನೇರ ಪಟ್ಟೆಗಳು ಬೀಳುತ್ತವೆ. ಈಗ ಆ ಪಟ್ಟೆಗಳಿರುವಲ್ಲಿ ಒಂದು ಚಿಕ್ಕ ಬಟ್ಟಲನ್ನು ಬೋರಲು ಹಾಕಿ ಮೇಲಿನಿಂದ ನೋಡಿ. ಬಟ್ಟಲಿನ ಮೇಲೆ ಪಟ್ಟೆಗಳು ಬಾಗಿವೆ! ಎತ್ತರ ಹೆಚ್ಚಾದಷ್ಟೂ ಪಟ್ಟೆ ಹೆಚ್ಚು ಸರಿಯುತ್ತದೆ. ತಗ್ಗಿದ್ದರೆ ಇನ್ನೊಂದು ದಿಕ್ಕಿಗೆ ಸರಿಯುತ್ತದೆ.

ಕೈಯಲ್ಲಿ ಹಿಡಿಯುವ ಹಲವು ಸ್ಕ್ಯಾನರ್‌ಗಳು ಮಾಡುವುದೂ ಇದನ್ನೇ. ಅವು ಬೆಳಕಿನ ಪಟ್ಟೆಗಳನ್ನು ಬೀರುತ್ತವೆ, ಕ್ಯಾಮೆರಾ ಅವನ್ನು ಓರೆಯಿಂದ ನೋಡುತ್ತದೆ. ಪಟ್ಟೆ ಎಷ್ಟು ಬಾಗಿತು ಎಂಬುದರಿಂದ ಕಂಪ್ಯೂಟರು ಲಕ್ಷಾಂತರ ಬಿಂದುಗಳ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಬಟ್ಟಲಿನ ಹಿಂದೆ ಪೂರ್ತಿ ನೆರಳಿರುವುದನ್ನು ಗಮನಿಸಿದಿರಾ? ಅಲ್ಲಿ ಪಟ್ಟೆಗಳೇ ಇಲ್ಲ. ಆದ್ದರಿಂದ ಸ್ಕ್ಯಾನರನ್ನು ಸುತ್ತಲೂ ಸರಿಸುತ್ತ ಹಲವು ಕಡೆಯಿಂದ ನೋಡಬೇಕಾಗುತ್ತದೆ.

ಇಡೀ ಕೋಣೆಯನ್ನೋ ಅಪಘಾತವಾದ ರಸ್ತೆಯನ್ನೋ ಅಳೆಯಲು ಲೇಸರ್ ಸ್ಕ್ಯಾನರ್ ಬೇಕು. ಇವುಗಳಲ್ಲಿ ಕೆಲವು, ಬೆಳಕು ಗೋಡೆಗೆ ಬಡಿದು ಮರಳಲು ಹಿಡಿದ ಸಮಯದಿಂದ ದೂರವನ್ನು ತಿಳಿಯುತ್ತವೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರ್. 3 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ 5 ಕೋಟಿಯಲ್ಲಿ ಒಂದು ಭಾಗ!

ಹೆಜ್ಜೆ ಗುರುತಿನಂತೆ ಮೈಮೇಲಿನ ಗಾಯವೂ ಉಳಿಯುವುದಿಲ್ಲ. ಏಟು ತಿಂದವರ ಬಾಸುಂಡೆ ಕೆಲವು ದಿನಗಳಲ್ಲಿ ಮಾಯುತ್ತದೆ. ನ್ಯಾಯಾಲಯದಲ್ಲಿ ವಿಚಾರಣೆ ನಡೆಯುವುದು ಎಷ್ಟೋ ತಿಂಗಳ, ಕೆಲವೊಮ್ಮೆ ವರ್ಷಗಳ ನಂತರ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ತಜ್ಞರು 1990ರ ದಶಕದ ಕೊನೆಯಿಂದ ಗಾಯವನ್ನೂ, ಅದಕ್ಕೆ ಕಾರಣವಾಗಿರಬಹುದಾದ ವಸ್ತುವನ್ನೂ ಸ್ಕ್ಯಾನ್ ಮಾಡಿ, ಎರಡೂ ಹೊಂದುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ಜೋಡಿಸಿ ನೋಡುತ್ತ ಬಂದರು.

ಇಂಥ ಪರೀಕ್ಷೆಗಳ ಶಾಸ್ತ್ರಕ್ಕೆ ವಿಧಿವಿಜ್ಞಾನ ಎಂದು ಹೆಸರು. ಇದರ ಪ್ರಾದೇಶಿಕ ಪ್ರಯೋಗಾಲಯವೊಂದು ಕಲಬುರಗಿಯಲ್ಲೂ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಸಾಕ್ಷ್ಯ ಸಂಗ್ರಹಿಸುವುದನ್ನು ವಿಡಿಯೊ ಮಾಡಲೂಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳ ಕಾಲಾವಕಾಶವಿದೆ. ಸ್ಕ್ಯಾನರನ್ನೇ ಬಳಸಬೇಕೆಂದು ಕಾನೂನು ಹೇಳಿಲ್ಲ. ಅದು ದುಬಾರಿ ಉಪಕರಣ ಕೂಡ.

ಮತ್ತೆ ನಮ್ಮ ಹಿತ್ತಲಿಗೆ ಬರೋಣ. ಅದೇ ಬೂಟನ್ನು, ಅದೇ ಅಳತೆಯದನ್ನು ಕೊಂಡ ಹುಡುಗನೊಬ್ಬ ಪಕ್ಕದ ಬೀದಿಯಲ್ಲಿದ್ದಾನೆ. ಎಲ್ಲರೂ ಅವನನ್ನೇ ಅನುಮಾನಿಸುತ್ತಿದ್ದಾರೆ. ಅವನ ಬೂಟಿನ ಹಿಮ್ಮಡಿ ಸವೆದಿಲ್ಲ. ಸ್ಕ್ಯಾನ್ ಉಳಿದಿದ್ದರೆ ಅವನ ಪರ ವಕೀಲರೂ ಆ ಗುರುತನ್ನು ಇನ್ನೊಮ್ಮೆ ಅಳೆಸಬಹುದು, ಮಳೆ ಬಂದು ವರ್ಷವಾಗಿದ್ದರೂ.

ಒಂದು ಮಾತು ಬಾಕಿಯಿದೆ. ಕಪ್ಪು ವಸ್ತು ಬೆಳಕನ್ನು ಹೀರುತ್ತದೆ, ಒದ್ದೆ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಎರಡರಿಂದಲೂ ಸ್ಕ್ಯಾನರಿಗೆ ತೊಂದರೆ. ನಮ್ಮ ಎರೆಮಣ್ಣು ಮಳೆ ಬಿದ್ದಾಗ ಕಪ್ಪೂ ಹೌದು, ಒದ್ದೆಯೂ ಹೌದು! ಹಾಗಾಗಿ ಸ್ಕ್ಯಾನರ್ ಇದ್ದರೂ ಫೋಟೊ ತೆಗೆಯುವುದನ್ನು ಬಿಡುವುದಿಲ್ಲ. ಪ್ಲಾಸ್ಟರಿನ ಡಬ್ಬಿಯೂ ಚೀಲದಲ್ಲೇ ಇರುತ್ತದೆ.