ಬಣ್ಣ ಅಳಿದರೂ ಚಿತ್ರ ಉಳಿಯಲಿ

“ಗ್ರಾಫಿನ ಕೆಂಪು ರೇಖೆಯನ್ನು ಗಮನಿಸಿ” ಎಂದು ತರಗತಿಯಲ್ಲಿ ನೀವು ಎಷ್ಟೋ ಸಲ ಹೇಳಿರಬಹುದು. ಕೆಲವು ವರ್ಷಗಳ ಹಿಂದೆ ನಾನೂ ಹೇಳಿದ್ದೆ. ಪಾರದರ್ಶಕ ಹಾಳೆಯ ಮೇಲೆ ಒಂದು ವಕ್ರರೇಖೆಯನ್ನು ಕೆಂಪು, ಇನ್ನೊಂದನ್ನು ಹಸಿರು ಶಾಯಿಯಲ್ಲಿ ಬರೆದಿದ್ದೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಬಳಿಗೆ ಬಂದು, “ಸರ್, ಅವೆರಡರಲ್ಲಿ ಕೆಂಪು ಯಾವುದು?” ಎಂದು ಮೆಲ್ಲಗೆ ಕೇಳಿದ. ಆ ದಿನದ ಪಾಠ ಅವನಿಗೆ ದಕ್ಕಿರಲಿಲ್ಲ. ದೋಷವಿದ್ದದ್ದು ನನ್ನ ಚಿತ್ರದಲ್ಲಿ.

ರೇಖೆ, ಆಕಾರ, ಬಣ್ಣ, ಛಾಯೆ, ಮೈವಳಿಕೆ, ಅವಕಾಶ – ಇವು ದೃಶ್ಯಕಲೆಯ ಮೂಲಾಂಶಗಳು. ಸಮತೋಲನ, ಲಯ, ವೈದೃಶ್ಯ, ಏಕತೆ ಮುಂತಾದವು ಇವುಗಳನ್ನು ಜೋಡಿಸುವ ತತ್ತ್ವಗಳು. ಇವುಗಳಲ್ಲಿ ಬಣ್ಣ ಮತ್ತು ಛಾಯೆಗಳನ್ನು ನಾವು ಒಂದೇ ಎಂದು ಭಾವಿಸುವುದುಂಟು. ಛಾಯೆ ಎಂದರೆ ಬಣ್ಣ ಎಷ್ಟು ತಿಳಿ, ಎಷ್ಟು ದಟ್ಟ ಎಂಬುದು. ಕಪ್ಪು-ಬಿಳುಪು ಫೋಟೋದಲ್ಲಿ ಬಣ್ಣ ಅಳಿದು ಛಾಯೆ ಉಳಿಯುತ್ತದೆ.

ಹಗಲಿನಲ್ಲಿ ನಮ್ಮ ಕಣ್ಣು ಸುಮಾರು 555 ನ್ಯಾನೋಮೀಟರ್ ತರಂಗದೂರದ ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಹೀಗಾಗಿ ಸಾಮಾನ್ಯ ಕಂಪ್ಯೂಟರ್ ಪರದೆಯ ಬಿಳಿಯ ಉಜ್ವಲತೆಯಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು 21, ನೀಲಿಯದು ಕೇವಲ 7. ಪರದೆಯ ಹಳದಿ ಎಂದರೆ ಕೆಂಪು ಮತ್ತು ಹಸಿರು ಸೇರಿದ್ದು. ಅದರ ಉಜ್ವಲತೆ ಬಿಳಿಯ ಶೇ. 93ರಷ್ಟು! ಬಿಳಿಯ ಮೇಲೆ ಹಳದಿ ಅಕ್ಷರ ಏಕೆ ಕಾಣದು, ಕಪ್ಪಿನ ಮೇಲೆ ನೀಲಿ ಏಕೆ ಮಂಕು ಎಂಬುದು ಈಗ ತಿಳಿಯಿತಲ್ಲವೇ?

ಕ್ಲೋದ್ ಮೊನೆ 1872ರಲ್ಲಿ ಬರೆದ ‘ಇಂಪ್ರೆಷನ್, ಸನ್‌ರೈಸ್’ ಚಿತ್ರದ ಕಿತ್ತಳೆ ಸೂರ್ಯನ ಉಜ್ವಲತೆಯೂ ಸುತ್ತಲಿನ ಬೂದು ಆಕಾಶದ ಉಜ್ವಲತೆಯೂ ಬಹುತೇಕ ಒಂದೇ. ಕಪ್ಪು-ಬಿಳುಪು ಪ್ರತಿಯಲ್ಲಿ ಸೂರ್ಯ ಹೆಚ್ಚುಕಡಿಮೆ ಮಾಯ! ಮಿದುಳಿನಲ್ಲಿ ವಸ್ತುವಿನ ಸ್ಥಾನ, ಚಲನೆಗಳನ್ನು ಗುರುತಿಸುವ ವ್ಯವಸ್ಥೆಗೆ ಬಣ್ಣದ ಭೇದ ಅಷ್ಟಾಗಿ ತಿಳಿಯದು. ಹೀಗಾಗಿ ಆ ಸೂರ್ಯ ನಿಂತಲ್ಲಿ ನಿಲ್ಲದೆ ಮಿನುಗಿದಂತೆ ತೋರುತ್ತದೆ ಎಂಬುದು ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ವಿವರಣೆ.

ಕಲಾಕೃತಿಯಲ್ಲಿ ಸೊಗಸಾದದ್ದು ಪಾಠದ ಚಿತ್ರದಲ್ಲಿ ತೊಡಕು. ಕೆಂಪು-ಹಸಿರು ವರ್ಣಾಂಧತೆ ಸಾಮಾನ್ಯವಾಗಿ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲಿ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗೆ ಇದು ಇದೆ. ಇಂಥವರಿಗೂ ತಿಳಿ-ದಟ್ಟಗಳ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ನೀವೇ ಮಾಡಿ ನೋಡಿ. ನಿಮ್ಮ ಚಾರ್ಟಿನ ಕಪ್ಪು-ಬಿಳುಪು ಜೆರಾಕ್ಸ್ ತೆಗೆಯಿರಿ. ಎರಡು ರೇಖೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲಿರಾ? ಆಗದಿದ್ದರೆ ಒಂದನ್ನು ದಟ್ಟವಾಗಿಸಿ, ಇನ್ನೊಂದನ್ನು ತುಂಡುರೇಖೆಯಾಗಿಸಿ, ಹೆಸರನ್ನು ರೇಖೆಯ ಪಕ್ಕದಲ್ಲೇ ಬರೆಯಿರಿ. ಬಣ್ಣವನ್ನು ಆಮೇಲೆ ಹಚ್ಚಿ. ನಾನು ಆ ಗ್ರಾಫನ್ನು ಹೀಗೆ ಮತ್ತೆ ಬರೆದೆ. ಮರುದಿನ ಆ ವಿದ್ಯಾರ್ಥಿ ಯಾವ ರೇಖೆ ಎಂದು ಕೇಳಲಿಲ್ಲ. ಅದು ಏಕೆ ಬಾಗುತ್ತದೆ ಎಂದು ಕೇಳಿದ.