ಸಾರ್ವಜನಿಕ ಸಂಸ್ಥೆಗಳಲ್ಲಿ ಮುಕ್ತ ತಂತ್ರಾಂಶ

ಯಾರು ಬೇಕಾದರೂ ಬಳಸಲು, ಅದರ ಸೋರ್ಸ್ ಕೋಡ್ ಓದಿ ತಿಳಿಯಲು, ಅಗತ್ಯಕ್ಕೆ ತಕ್ಕಂತೆ ತಿದ್ದಲು ಮತ್ತು ಇತರರಿಗೆ ಹಂಚಲು ಅನುಮತಿಯಿರುವ ತಂತ್ರಾಂಶವೇ ಮುಕ್ತ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿ ಈ ಚಳವಳಿಗೆ ನೆಲೆ ಒದಗಿಸಿದರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ ಬಿಡುಗಡೆ ಮಾಡಿದರು. ಗ್ನು ಯೋಜನೆಯ ತಂತ್ರಾಂಶಗಳೂ ಈ ಕರ್ನೆಲ್ಲೂ ಸೇರಿ ಪೂರ್ಣ ಪ್ರಮಾಣದ ಕಾರ್ಯಾಚರಣೆ ವ್ಯವಸ್ಥೆಯಾಯಿತು.

ಪರವಾನಗಿ ಶುಲ್ಕದ ಉಳಿತಾಯ ಇದರ ಒಂದು ಲಾಭ. ಆದರೆ ಸಾರ್ವಜನಿಕ ಸಂಸ್ಥೆಗಳಿಗೆ ಅದಕ್ಕಿಂತ ಮುಖ್ಯವಾದದ್ದು ದಾಖಲೆಗಳ ಮೇಲಿನ ಹಿಡಿತ. ಜನನ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿಗಳು ದಶಕಗಳ ಕಾಲ ಉಳಿಯಬೇಕು. ಅವನ್ನು ತೆರೆಯುವ ತಂತ್ರಾಂಶ ಒಂದೇ ಕಂಪನಿಯ ಕೈಯಲ್ಲಿದ್ದರೆ, ಆ ಕಂಪನಿ ಬೆಲೆ ಏರಿಸಿದರೂ ಬೆಂಬಲ ನಿಲ್ಲಿಸಿದರೂ ಕಚೇರಿಗೆ ಬೇರೆ ದಾರಿಯಿರುವುದಿಲ್ಲ. ಸೋರ್ಸ್ ಕೋಡ್ ಲಭ್ಯವಿದ್ದಾಗ ದುರಸ್ತಿಯ ಕೆಲಸವನ್ನು ಸ್ಥಳೀಯ ಸಂಸ್ಥೆಗೂ ವಹಿಸಬಹುದು. ಭದ್ರತೆಯನ್ನು ಸ್ವತಂತ್ರ ತಜ್ಞರಿಂದ ಪರೀಕ್ಷಿಸಬಹುದು.

ಕಡತಗಳ ಮಾದರಿಯೂ ಮುಕ್ತವಾಗಿರಬೇಕು. ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ಬಳಸುವ ಒಡಿಎಫ್ ಮಾದರಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮಾನಕವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಗೊತ್ತು: ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ.

ದೊಡ್ಡ ಸಂಸ್ಥೆಯೂ ಮುಕ್ತ ತಂತ್ರಾಂಶಕ್ಕೆ ಬದಲಾಗಬಹುದು ಎಂದು ತೋರಿಸಿದವುಗಳಲ್ಲಿ ಫ್ರಾನ್ಸಿನ ರಾಷ್ಟ್ರೀಯ ಪೊಲೀಸ್ ಪಡೆಗಳಲ್ಲೊಂದಾದ ಜಾಂಡಾರ್ಮರಿ ಮುಖ್ಯವಾದುದು. ಅದು ಒಮ್ಮೆಲೇ ಎಲ್ಲವನ್ನೂ ಬದಲಿಸಲಿಲ್ಲ. 2005ರಲ್ಲಿ ಓಪನ್ಆಫೀಸ್ ಕಚೇರಿ ತಂತ್ರಾಂಶ, ಆಮೇಲೆ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಥಂಡರ್‌ಬರ್ಡ್ ಇಮೇಲ್ ರೂಢಿಗೆ ಬಂದವು. ಸಿಬ್ಬಂದಿ ಇವುಗಳಿಗೆ ಒಗ್ಗಿಕೊಂಡ ಬಳಿಕ, 2008ರಿಂದ ಲಿನಕ್ಸ್ ಆವೃತ್ತಿಯಾದ ಉಬುಂಟು ಆಧಾರಿತ ಕಾರ್ಯಾಚರಣೆ ವ್ಯವಸ್ಥೆ ಬಂತು. ನಿತ್ಯ ಬಳಸುವ ಕಿಟಕಿ, ಮೆನುಗಳು ಅದಾಗಲೇ ಪರಿಚಿತವಾಗಿದ್ದರಿಂದ ಕೊನೆಯ ಹೆಜ್ಜೆ ಹಗುರವಾಯಿತು. ಇಂದು ಅಲ್ಲಿ 70 ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳು ಈ ವ್ಯವಸ್ಥೆಯಲ್ಲಿ ನಡೆಯುತ್ತಿವೆ.

ಜರ್ಮನಿಯ ಮ್ಯೂನಿಕ್ ನಗರಾಡಳಿತದ ಅನುಭವ ಬೇರೆ. 2003ರಲ್ಲಿ ನಗರಸಭೆ ಲಿನಕ್ಸ್‌ಗೆ ಹೋಗಲು ನಿರ್ಧರಿಸಿತು. 2013ರ ವೇಳೆಗೆ ಸುಮಾರು 15 ಸಾವಿರ ಕಂಪ್ಯೂಟರುಗಳು ಬದಲಾದವು. ಆದರೆ 2017ರಲ್ಲಿ ಅದೇ ಸಭೆ ವಿಂಡೋಸ್‌ಗೆ ಮರಳುವ ತೀರ್ಮಾನ ಕೈಗೊಂಡಿತು. ತಾಂತ್ರಿಕವಾಗಿ ಮುಗಿದ ಕೆಲಸವೂ ಆಡಳಿತದ ಬೆಂಬಲವಿಲ್ಲದೆ ನಿಲ್ಲಲಾರದು ಎಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿ ದೊಡ್ಡ ಉದಾಹರಣೆ ಕೇರಳದ ಶಾಲೆಗಳದು. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳ ಐಟಿ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ಶಿಕ್ಷಕರನ್ನೇ ತರಬೇತುದಾರರನ್ನಾಗಿ ರೂಪಿಸಿದ್ದು ಈ ಯೋಜನೆಯ ಬಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ ಕಲಿಯುತ್ತಾರೆ.

ಕೇಂದ್ರ ಸರ್ಕಾರದ 2015ರ ನೀತಿಯ ಪ್ರಕಾರ, ಇಲಾಖೆಗಳು ತಂತ್ರಾಂಶಕ್ಕೆ ಪ್ರಸ್ತಾವನೆ ಕೇಳುವಾಗ ಮುಕ್ತ ಆಕರ (ಓಪನ್ ಸೋರ್ಸ್) ತಂತ್ರಾಂಶಕ್ಕೆ ಆದ್ಯತೆ ನೀಡಬೇಕು. ಅದನ್ನು ಕೈಬಿಡುವ ಪೂರೈಕೆದಾರರು ಕಾರಣ ಕೊಡಬೇಕು. ನೀತಿ ಕಾರ್ಯರೂಪಕ್ಕೆ ಬರಲು ಕೆಲವು ಕ್ರಮಗಳು ಅಗತ್ಯ. ಮೊದಲು ಕಚೇರಿಯಲ್ಲಿ ಯಾವ ಕೆಲಸಕ್ಕೆ ಯಾವ ತಂತ್ರಾಂಶ ಬಳಕೆಯಲ್ಲಿದೆ ಎಂಬ ಪಟ್ಟಿ ಮಾಡಬೇಕು. ಹೊಸ ಕಡತಗಳನ್ನು ಮುಕ್ತ ಮಾದರಿಯಲ್ಲೂ ಯೂನಿಕೋಡ್‌ನಲ್ಲೂ ಉಳಿಸಬೇಕು. ಒಂದು ವಿಭಾಗದಲ್ಲಿ ಪ್ರಯೋಗಿಸಿ, ಎದುರಾದ ತೊಡಕುಗಳನ್ನು ಬಗೆಹರಿಸಿ ಮುಂದಿನದಕ್ಕೆ ಹೋಗಬೇಕು. ಪ್ರಿಂಟರ್, ಸ್ಕ್ಯಾನರ್ ಕೊಳ್ಳುವ ಮುನ್ನ ಅವು ಲಿನಕ್ಸ್‌ನಲ್ಲಿ ನಡೆಯುತ್ತವೆಯೇ ಎಂದು ಪರೀಕ್ಷಿಸಬೇಕು. ಪರವಾನಗಿಯಲ್ಲಿ ಉಳಿದ ಹಣದ ಒಂದು ಪಾಲನ್ನು ತರಬೇತಿಗೂ ನಿರ್ವಹಣೆಗೂ ಮೀಸಲಿಡಬೇಕು. ಸಾರ್ವಜನಿಕ ಹಣದಿಂದ ಮಾಡಿಸಿದ ಸುಧಾರಣೆಗಳನ್ನು ಇತರ ಸಂಸ್ಥೆಗಳಿಗೂ ತೆರೆದಿಡಬೇಕು. ಆಗ ಒಂದು ಕಚೇರಿಯ ಖರ್ಚು ಹಲವು ಕಚೇರಿಗಳಿಗೆ ಉಪಯೋಗಕ್ಕೆ ಬರುತ್ತದೆ.